ಗಂಡನ ಕಾರ್ಡು, ಹೆಂಡತಿಯ ಸ್ಕೋರು

ಅಮೆರಿಕದಲ್ಲಿ ತಮ್ಮ ಕ್ರೆಡಿಟ್ ಕಾರ್ಡಿಗೆ ಇನ್ನೊಬ್ಬರ ಹೆಸರು ಸೇರಿಸುವುದು ಕೆಲವೇ ನಿಮಿಷಗಳ ಕೆಲಸ. ಬ್ಯಾಂಕಿನ ಆ್ಯಪ್ ತೆರೆದು ಹೆಂಡತಿಯದೋ ಮಗನದೋ ಹೆಸರು, ಹುಟ್ಟಿದ ದಿನಾಂಕ, ವಿಳಾಸ, ಕೇಳಿದರೆ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ತುಂಬಿದರೆ ಸಾಕು, ಹೊಸ ಕಾರ್ಡು ಅಂಚೆಯಲ್ಲಿ ಮನೆಗೆ ಬರುತ್ತದೆ. ಹೀಗೆ ಸೇರಿದವರನ್ನು ಅಲ್ಲಿ ಆಥರೈಸ್ಡ್ ಯೂಸರ್, ಅಂದರೆ ಅಧಿಕೃತ ಬಳಕೆದಾರರು ಎನ್ನುತ್ತಾರೆ. ನಮ್ಮಲ್ಲಿನ ಆಡ್-ಆನ್ ಕಾರ್ಡಿಗೆ ಹತ್ತಿರದ ವ್ಯವಸ್ಥೆ ಇದು. ಆದರೆ ಅಲ್ಲಿ ಕಾರ್ಡಿನ ಜೊತೆಗೆ ಇನ್ನೊಂದೂ ಬರುತ್ತದೆ. ಸಾಮಾನ್ಯವಾಗಿ ಒಂದೆರಡು ತಿಂಗಳಲ್ಲಿ ಆ ಖಾತೆಯ ಇಡೀ ಚರಿತ್ರೆ ಹೊಸಬರ ಕ್ರೆಡಿಟ್ ವರದಿಯಲ್ಲಿ ಕಾಣಿಸಿಕೊಳ್ಳುತ್ತದೆ. ಗಂಡ ಎಂಟು ವರ್ಷದ ಹಿಂದೆ ತೆರೆದ ಖಾತೆಯಾದರೆ, ಮೊನ್ನೆ ವಿಮಾನ ಇಳಿದ ಹೆಂಡತಿಯ ವರದಿಯಲ್ಲೂ ಆ ಖಾತೆಗೆ ಎಂಟು ವರ್ಷ ವಯಸ್ಸು. ಆತ ಒಂದು ಬಿಲ್ಲನ್ನೂ ತಪ್ಪಿಸಿಲ್ಲವಾದರೆ ಆಕೆಯೂ ತಪ್ಪಿಸಿಲ್ಲದವಳು. ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿಗಳಿಂದ ಅಲ್ಲಿಗೆ ಹೋಗಿ ನೆಲೆಸಿದ ಸಾವಿರಾರು ಕುಟುಂಬಗಳಿಗೆ ಈ ನಿಯಮದ ಅನುಕೂಲ ಗೊತ್ತು, ಬಳಸಿಕೊಳ್ಳುತ್ತಲೂ ಇದ್ದಾರೆ. ಇದು ಒಳ್ಳೆಯ ನಿಯಮ, ಉಳಿಯಬೇಕಾದ ನಿಯಮ. ಆದರೆ ಹೀಗೆ ಬಂದ ಸ್ಕೋರನ್ನು ನಂಬಿಕೊಂಡು ವರ್ಷಗಟ್ಟಲೆ ಕುಳಿತವರು, ಅದರಲ್ಲೂ ಗೃಹಿಣಿಯರು, ತಮ್ಮದಲ್ಲದ ನೆಲದ ಮೇಲೆ ನಿಂತಿರುತ್ತಾರೆ ಎಂಬುದನ್ನು ಮನೆಯ ಇಬ್ಬರೂ ಅರಿತಿರಬೇಕು.

ಸ್ಕೋರು ಲೆಕ್ಕವಾಗುವ ಬಗೆಯನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಅಮೆರಿಕದ ಸಾಲದಾತರು ಹೆಚ್ಚಾಗಿ ನೋಡುವ ಫೈಕೋ ಸ್ಕೋರು 300ರಿಂದ 850ರವರೆಗೆ ಇರುತ್ತದೆ. ಇಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಎಂಬ ಮೂರು ಸಂಸ್ಥೆಗಳು ಇಟ್ಟುಕೊಂಡ ವರದಿಯೇ ಅದಕ್ಕೆ ಆಧಾರ. ಸುಮಾರು 35 ಶೇಕಡಾ ತೂಕ ಬಿಲ್ಲುಗಳನ್ನು ಸಮಯಕ್ಕೆ ಕಟ್ಟಿದ್ದಕ್ಕೆ, 30 ಶೇಕಡಾ ಎಷ್ಟು ಬಾಕಿ ಇದೆ ಎಂಬುದಕ್ಕೆ, 15 ಶೇಕಡಾ ಖಾತೆಗಳ ವಯಸ್ಸಿಗೆ. ಉಳಿದದ್ದು ಹೊಸ ಅರ್ಜಿಗಳಿಗೆ ಮತ್ತು ಸಾಲದ ಬಗೆಗಳಿಗೆ ಹಂಚಿಹೋಗುತ್ತದೆ. ಅಧಿಕೃತ ಬಳಕೆದಾರರಾದವರಿಗೆ ಮೊದಲ ಮೂರೂ ಒಟ್ಟಿಗೆ ಸಿಗುತ್ತವೆ, ಅದೂ ಬ್ಯಾಂಕು ಅವರ ಆದಾಯವನ್ನಾಗಲಿ ಹಿಂದಿನ ಸಾಲವನ್ನಾಗಲಿ ಪರಿಶೀಲಿಸದೆ. 10,000 ಡಾಲರ್ ಮಿತಿಯ ಕಾರ್ಡಿನಲ್ಲಿ ತಿಂಗಳ ಬಿಲ್ಲಿನ ದಿನ 500 ಡಾಲರ್ ಬಾಕಿ ಇದ್ದರೆ ಬಳಕೆಯ ಪ್ರಮಾಣ 5 ಶೇಕಡಾ. ಇಬ್ಬರ ವರದಿಗೂ ಅದು ಶೋಭೆ. ಮುಂದಿನ ತಿಂಗಳು ಗಂಡ ಊರಿಗೆ ಹೋಗಿಬರುವ ಟಿಕೆಟ್ಟು, ಹೊಸ ಸೋಫಾ ಎಂದು 9,000 ಡಾಲರ್ ಉಜ್ಜಿದರೆ ಅದೇ ಪ್ರಮಾಣ 90 ಶೇಕಡಾ ಆಗುತ್ತದೆ, ಆ ಕಾರ್ಡನ್ನು ಹೆಂಡತಿ ಪರ್ಸಿನಿಂದ ಹೊರಗೇ ತೆಗೆದಿರದಿದ್ದರೂ ಆಕೆಯ ಸ್ಕೋರು ಕುಸಿಯುತ್ತದೆ. ಬೇರೆ ಖಾತೆಗಳಿದ್ದವರಿಗೆ ಪೆಟ್ಟು ಹಂಚಿಹೋಗುತ್ತದೆ. ಇರುವುದೇ ಆ ಒಂದು ಖಾತೆಯಾದರೆ ಪೂರಾ ಪೆಟ್ಟು ಅದರ ಮೇಲೇ ಬೀಳುತ್ತದೆ. ಬಿಲ್ಲು 30 ದಿನ ತಡವಾದರೆ ಅದು ವರದಿಗೆ ಏರಿ ಏಳು ವರ್ಷ ಉಳಿಯುವ ಕಲೆ. ಅಧಿಕೃತ ಬಳಕೆದಾರರ ವರದಿಗೆ ಇಂಥ ಕೆಟ್ಟ ಮಾಹಿತಿಯನ್ನು ಎಷ್ಟರಮಟ್ಟಿಗೆ ಸೇರಿಸುತ್ತಾರೆ ಎಂಬುದು ಬ್ಯಾಂಕಿನಿಂದ ಬ್ಯಾಂಕಿಗೆ, ಸಂಸ್ಥೆಯಿಂದ ಸಂಸ್ಥೆಗೆ ಬೇರೆಬೇರೆ. ಹೆಸರು ತೆಗೆಸಿದರೆ ಸಾಮಾನ್ಯವಾಗಿ ಆ ಖಾತೆಯೇ ವರದಿಯಿಂದ ಹೋಗುತ್ತದೆ, ಹಾಗಾಗಿ ಹಾನಿಯಿಂದ ಪಾರಾಗಲು ದಾರಿಯಿದೆ. ಆದರೆ ಕೆಟ್ಟದ್ದು ಹೋಗುವಾಗ ಒಳ್ಳೆಯದೂ ಅದರ ಜೊತೆಗೇ ಹೋಗುತ್ತದೆ.

ನಮ್ಮ ಸಹಕಾರಿ ಸಂಘಗಳಲ್ಲಿ ಜಾಮೀನುದಾರನ ಸ್ಥಿತಿ ಹೇಗಿರುತ್ತದೆಂದು ಎಲ್ಲರಿಗೂ ಗೊತ್ತು: ದುಡ್ಡು ಆತನ ಕೈಗೆ ಬರುವುದಿಲ್ಲ, ಸಾಲಗಾರ ಕೈಕೊಟ್ಟರೆ ನೋಟಿಸು ಮಾತ್ರ ಆತನ ಮನೆಗೆ ಬರುತ್ತದೆ. ಅಧಿಕೃತ ಬಳಕೆದಾರರದು ಇದಕ್ಕೆ ಪೂರ್ತಿ ತಿರುಗುಮುರುಗು. ಖರ್ಚು ಮಾಡುವ ಹಕ್ಕಿದೆ, ತೀರಿಸುವ ಕಾನೂನಿನ ಹೊಣೆ ಇಲ್ಲ. ಹೊಣೆಯೆಲ್ಲ ಮೂಲ ಕಾರ್ಡುದಾರರದು. (ಕ್ಯಾಲಿಫೋರ್ನಿಯಾ, ಟೆಕ್ಸಾಸ್, ವಾಷಿಂಗ್ಟನ್‌ನಂಥ ರಾಜ್ಯಗಳಲ್ಲಿ ಮದುವೆಯ ನಂತರದ ಆಸ್ತಿ-ಸಾಲಗಳನ್ನು ದಂಪತಿಗಳ ಜಂಟಿ ಸೊತ್ತೆಂದು ಕಾಣುವ ಕಾನೂನಿದೆ, ಆದ್ದರಿಂದ ಅಲ್ಲಿನ ಗಂಡಹೆಂಡಿರು ಈ ಮಾತನ್ನು ಅಷ್ಟು ಸಲೀಸಾಗಿ ನಂಬಕೂಡದು.) ಹೊಣೆಯಿಲ್ಲದವರಿಗೆ ಸ್ಕೋರು ಏಕೆ ಕೊಡಬೇಕು ಎಂಬ ಪ್ರಶ್ನೆ ಇಲ್ಲಿಂದಲೇ ಹುಟ್ಟುತ್ತದೆ. ಅದಕ್ಕೆ ಉತ್ತರ ಸಿಗಬೇಕಾದರೆ ಐವತ್ತು ವರ್ಷ ಹಿಂದಕ್ಕೆ ಹೋಗಬೇಕು.

1970ರ ದಶಕದ ಆರಂಭದವರೆಗೂ ಅಮೆರಿಕದ ಹೆಣ್ಣುಮಗಳೊಬ್ಬಳು ಸಾಲ ಕೇಳಲು ಹೋದರೆ ಬ್ಯಾಂಕಿನವರು ಗಂಡನ ಸಹಿ ಕೇಳುತ್ತಿದ್ದರು. ಆಕೆ ದುಡಿಯುತ್ತಿದ್ದರೂ ನಾಳೆ ಬಸುರಿಯಾಗಿ ಕೆಲಸ ಬಿಟ್ಟಾಳು ಎಂದು ಆಕೆಯ ಸಂಬಳವನ್ನು ಪೂರ್ತಿ ಲೆಕ್ಕಕ್ಕೆ ತೆಗೆದುಕೊಳ್ಳದವರಿದ್ದರು. ಮನೆಯ ಖಾತೆಗಳೆಲ್ಲ ಗಂಡನ ಹೆಸರಿನಲ್ಲಿ. ತಿಂಗಳು ತಿಂಗಳು ಚೆಕ್ಕು ಬರೆದು ಬಿಲ್ಲು ತೀರಿಸಿದವಳು ಹೆಂಡತಿಯೇ ಆದರೂ ಒಳ್ಳೆಯ ಹೆಸರು ಆತನಿಗೆ. ಗಂಡ ತೀರಿಕೊಂಡ ಮೇಲೆ ಅಥವಾ ವಿಚ್ಛೇದನವಾದ ಮೇಲೆ ಆಕೆ ಕಾರ್ಡಿಗೆ ಅರ್ಜಿ ಹಾಕಿದರೆ ಚರಿತ್ರೆಯೇ ಇಲ್ಲದವಳೆಂದು ವಾಪಸ್ ಕಳಿಸುತ್ತಿದ್ದರು. ಇದಕ್ಕೆ ಎದ್ದ ಪ್ರತಿಭಟನೆಯ ಫಲ 1974ರ ಸಮಾನ ಸಾಲಾವಕಾಶ ಕಾಯ್ದೆ. ಆ ವರ್ಷದ ಅಕ್ಟೋಬರ್ 28ರಂದು ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಅದಕ್ಕೆ ಸಹಿ ಹಾಕಿದರು. ಲಿಂಗ ಮತ್ತು ವೈವಾಹಿಕ ಸ್ಥಿತಿಯ ಕಾರಣಕ್ಕೆ ಸಾಲ ನಿರಾಕರಿಸಕೂಡದು ಎಂದು ಅದು ಹೇಳಿತು. ಜನಾಂಗ, ಧರ್ಮ, ವಯಸ್ಸುಗಳು 1976ರ ತಿದ್ದುಪಡಿಯಲ್ಲಿ ಸೇರಿದವು. ಕಾಯ್ದೆಯನ್ನು ಜಾರಿಗೆ ತರುವ ‘ರೆಗ್ಯುಲೇಷನ್ ಬಿ’ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 1977ರ ಜೂನ್‌ನಿಂದೀಚೆಗೆ ತೆರೆದ ಯಾವುದೇ ಖಾತೆಯನ್ನು ಗಂಡಹೆಂಡಿರಿಬ್ಬರೂ ಬಳಸುತ್ತಿದ್ದರೆ ಅದರ ಮಾಹಿತಿ ಇಬ್ಬರ ಹೆಸರಿನಲ್ಲೂ ದಾಖಲಾಗಬೇಕು, ಸಾಲಕ್ಕೆ ಪರಿಶೀಲಿಸುವಾಗ ಅದನ್ನು ಲೆಕ್ಕಕ್ಕೆ ಹಿಡಿಯಬೇಕು ಎಂದಿತು. ಮನೆ ನಡೆಸುವವಳ ಶಿಸ್ತಿಗೂ ಬೆಲೆಯಿದೆ ಎಂದು ಬ್ಯಾಂಕುಗಳ ಮೇಲೆ ಕಾನೂನೇ ಒತ್ತಾಯ ಹೇರಿದ ಘಳಿಗೆ ಅದು. ಇಂದು ಡಲ್ಲಾಸಿನಲ್ಲೋ ನ್ಯೂಜೆರ್ಸಿಯಲ್ಲೋ ಇರುವ ನಮ್ಮ ಹೆಣ್ಣುಮಕ್ಕಳಿಗೆ ಗಂಡನ ಕಾರ್ಡಿನಿಂದ ಸ್ಕೋರು ಬರುತ್ತಿರುವುದು ಆ ಹೋರಾಟದ ಫಲವಾಗಿ.

ಇದರ ದುರುಪಯೋಗ ನಡೆಯಿತೇ ಎಂದರೆ ನಡೆಯಿತು, ಧಾರಾಳವಾಗಿಯೇ. ಬ್ಯಾಂಕುಗಳು ಸಾಮಾನ್ಯವಾಗಿ ಎಲ್ಲ ಅಧಿಕೃತ ಬಳಕೆದಾರರನ್ನೂ ಒಂದೇ ಗುಂಪಿನಲ್ಲಿ ವರದಿ ಮಾಡುತ್ತವೆ, ಯಾರು ಹೆಂಡತಿ, ಯಾರು ಅಪರಿಚಿತ ಎಂದು ತಿಳಿಸುವುದಿಲ್ಲ. ಈ ಸಂದಿನಲ್ಲಿ ಒಂದು ವ್ಯಾಪಾರ ಬೆಳೆಯಿತು. ಹಳೆಯ, ಕಳಂಕವಿಲ್ಲದ ಕಾರ್ಡು ಇರುವವರು ತಮ್ಮ ಖಾತೆಯಲ್ಲಿ ಜಾಗ ಬಾಡಿಗೆಗೆ ಕೊಡುವುದು, ಸ್ಕೋರು ಹಾಳಾದವರು ದುಡ್ಡು ಕೊಟ್ಟು ಕೆಲವು ತಿಂಗಳು ಅಲ್ಲಿ ಹೆಸರು ಸೇರಿಸಿಕೊಳ್ಳುವುದು, ನಡುವೆ ದಲ್ಲಾಳಿ ಕಂಪನಿಗಳು. ಇದನ್ನು ತಡೆಯಲೆಂದು 2007ರಲ್ಲಿ ಫೈಕೋ ಸ್ಕೋರು ರೂಪಿಸುವ ಕಂಪನಿ ಅದರ ಹೊಸ ಆವೃತ್ತಿಯಲ್ಲಿ ಇಂಥ ಖಾತೆಗಳನ್ನು ಪೂರ್ತಿ ಕೈಬಿಡುವುದಾಗಿ ಪ್ರಕಟಿಸಿತು. ಮರುವರ್ಷವೇ ಆ ನಿರ್ಧಾರದಿಂದ ಹಿಂದೆ ಸರಿಯಿತು. 1974ರ ಕಾಯ್ದೆ ಅಡ್ಡ ನಿಂತಿತ್ತು. ಖಾತೆಗಳನ್ನು ಲೆಕ್ಕಕ್ಕಿಟ್ಟುಕೊಂಡೇ ಬಾಡಿಗೆ ಹೆಸರುಗಳ ಲಾಭವನ್ನು ತಗ್ಗಿಸುವಂತೆ ಸೂತ್ರ ಬದಲಿಸುವುದಾಗಿ ಹೇಳಿತು. 2010ರಲ್ಲಿ ಫೆಡರಲ್ ರಿಸರ್ವ್‌ನ ಅರ್ಥಶಾಸ್ತ್ರಜ್ಞರು ನಡೆಸಿದ ಅಧ್ಯಯನವೊಂದು ಈ ಲಾಭ ನಿಜಕ್ಕೂ ಇದೆ ಎಂದು ತೋರಿಸಿತು; ವರದಿಯಲ್ಲಿ ಹೆಚ್ಚೇನೂ ಇಲ್ಲದವರಿಗೆ, ಚರಿತ್ರೆ ಚಿಕ್ಕದಾಗಿರುವವರಿಗೆ ಏರಿಕೆ ಹೆಚ್ಚು ಎಂದೂ ಕಂಡುಕೊಂಡಿತು. 2020ರಲ್ಲಿ ಫೆಡರಲ್ ಟ್ರೇಡ್ ಕಮಿಷನ್ ಇಂಥ ಜಾಗ ಮಾರುತ್ತಿದ್ದ ಒಂದು ಕಂಪನಿಯ ಮೇಲೆ ಕ್ರಮ ಕೈಗೊಂಡಿತು. ಹಾಗಾದರೆ ಇಡೀ ವ್ಯವಸ್ಥೆಯನ್ನೇ ತೆಗೆದುಹಾಕಬಾರದೇ ಎಂದು ಕೇಳುವವರಿದ್ದಾರೆ. ಅವರ ತರ್ಕ ನೇರವಾಗಿದೆ: ಸ್ಕೋರು ಒಬ್ಬ ವ್ಯಕ್ತಿ ಸಾಲ ತೀರಿಸುವ ಸಾಧ್ಯತೆಯನ್ನು ಹೇಳಬೇಕು, ಬೇರೊಬ್ಬ ತೀರಿಸಿದ ಬಿಲ್ಲು ಅದನ್ನು ಹೇಗೆ ಹೇಳೀತು? ಅಪರಿಚಿತರ ವಿಷಯದಲ್ಲಿ ಈ ತರ್ಕ ಸರಿ. ಒಂದೇ ಒಲೆಯ ಊಟ ಉಣ್ಣುವ, ಒಂದೇ ಆದಾಯದಲ್ಲಿ ತಿಂಗಳು ತೂಗಿಸುವ ಇಬ್ಬರ ವಿಷಯದಲ್ಲಿ ಬಿಲ್ಲು ತೀರಿಸಿದವರು ಯಾರು ಎಂದು ಬೇರ್ಪಡಿಸಲು ಬರುವುದಿಲ್ಲ. ಸಂಬಳ ಅವನದು, ಮಿತವಾಗಿ ಖರ್ಚು ಮಾಡಿದ್ದು ಅವಳು. ದಲ್ಲಾಳಿಗಳನ್ನು ಹಿಡಿಯಲಾಗದೆಂದು ಗೃಹಿಣಿಯರ ದಾಖಲೆಯನ್ನು ಅಳಿಸುವುದು ಅನ್ಯಾಯ.

ಇನ್ನೊಂದು ಟೀಕೆ ಇದಕ್ಕಿಂತ ಗಟ್ಟಿಯಾದದ್ದು. ಅಮೆರಿಕದ ಗ್ರಾಹಕ ಹಣಕಾಸು ರಕ್ಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಜನರಲ್ಲಿ ಸುಮಾರು ನಾಲ್ವರಲ್ಲೊಬ್ಬರು ತಮ್ಮ ಮೊದಲ ಕ್ರೆಡಿಟ್ ದಾಖಲೆಯನ್ನು ಪಡೆಯುವುದು ಇನ್ನೊಬ್ಬರ ನೆರವಿನಿಂದ, ಅಂದರೆ ಜಂಟಿ ಸಾಲಗಾರರಾಗಿಯೋ ಅಧಿಕೃತ ಬಳಕೆದಾರರಾಗಿಯೋ. ಶ್ರೀಮಂತ ಬಡಾವಣೆಗಳಲ್ಲಿ ಈ ನೆರವು ಹೆಚ್ಚು, ಬಡ ಬಡಾವಣೆಗಳಲ್ಲಿ ಅದು ಎಷ್ಟೋ ಕಡಿಮೆ. ಅಲ್ಲಿ ಬಹಳ ಮಂದಿ ಮೊದಲ ಬಾರಿ ದಾಖಲೆಗೆ ಬರುವುದು ವಸೂಲಿಗೆ ಹೋದ ಬಾಕಿಯಿಂದ. ಅಪ್ಪನ ಹಳೆಯ ಕಾರ್ಡು ಇದ್ದ ಮಗ ಮೇಲಿನ ಮೆಟ್ಟಿಲಿನಿಂದ ಹತ್ತತೊಡಗುತ್ತಾನೆ, ಇಲ್ಲದವನು ನೆಲದಿಂದ. ಈ ಅಸಮಾನತೆ ನಿಜ. ನಮ್ಮ ಟೆಕ್ಕಿ ಕುಟುಂಬಗಳು ಅಲ್ಲಿ ಅನುಕೂಲಸ್ಥರ ಸಾಲಿನಲ್ಲೇ ಇವೆ ಎಂಬುದನ್ನೂ ಒಪ್ಪಬೇಕು. ಅದಕ್ಕೆ ಪರಿಹಾರವೆಂದರೆ ಬಾಡಿಗೆ, ಕರೆಂಟು, ಫೋನಿನ ಬಿಲ್ಲು ಸರಿಯಾಗಿ ಕಟ್ಟಿದ್ದನ್ನೂ ದಾಖಲೆಗೆ ತರುವುದು. ಇದ್ದವರಿಂದ ಕಿತ್ತುಕೊಂಡರೆ ಇಲ್ಲದವರಿಗೆ ಒಂದು ಅಂಕವೂ ಹೆಚ್ಚುವುದಿಲ್ಲ.

ವ್ಯವಸ್ಥೆ ಉಳಿಯಬೇಕು ಎಂದಷ್ಟೇ ಹೇಳಿ ನಿಲ್ಲಿಸಿದರೆ ಅರ್ಧ ಮಾತು ಬಾಕಿ ಉಳಿಯುತ್ತದೆ. 1974ರಲ್ಲಿ ಕಾನೂನು ಮಾಡಿದವರ ಕಣ್ಣ ಮುಂದಿದ್ದವಳು ವಿಧವೆ, ವಿಚ್ಛೇದಿತೆ. ಅಧಿಕೃತ ಬಳಕೆಯೊಂದನ್ನೇ ನೆಚ್ಚಿಕೊಂಡ ಗೃಹಿಣಿ ಮತ್ತೆ ಅವರ ಸ್ಥಾನಕ್ಕೇ ಮರಳಿದ್ದಾಳೆ. ಮೂಲ ಕಾರ್ಡುದಾರ ತೀರಿಕೊಂಡರೆ ಆ ಕ್ಷಣದಿಂದ ಕಾರ್ಡು ಬಳಸುವ ಹಕ್ಕು ಆಕೆಗಿಲ್ಲ. ಬ್ಯಾಂಕು ಖಾತೆ ಮುಚ್ಚುತ್ತದೆ. ಮನಸ್ತಾಪವಾಗಿ ಬೇರೆಯಾದರೆ ಗಂಡ ಒಂದು ಫೋನ್ ಕರೆಯಲ್ಲಿ ಹೆಸರು ತೆಗೆಸಬಲ್ಲ, ಆಕೆಯ ಒಪ್ಪಿಗೆ ಬೇಕಿಲ್ಲ. ಮರುತಿಂಗಳು ವರದಿ ತರಿಸಿ ನೋಡಿದರೆ ಎಂಟು ವರ್ಷದ ಸಾಲು ಮಾಯ. ಸರಿಯಾಗಿ ಅದೇ ಹೊತ್ತಿಗೆ ಆಕೆಗೆ ಬಾಡಿಗೆ ಮನೆ ಬೇಕು, ಕಾರು ಬೇಕು, ಮೊಬೈಲ್ ಸಂಪರ್ಕ ಬೇಕು. ಅಮೆರಿಕದಲ್ಲಿ ಇವೆಲ್ಲದರ ಹಿಂದೆಯೂ ಸ್ಕೋರು ಇದೆ. ಬಹುಪಾಲು ರಾಜ್ಯಗಳಲ್ಲಿ ಕಾರಿನ ವಿಮೆಯ ಕಂತು ಕೂಡ ಕ್ರೆಡಿಟ್ ದಾಖಲೆಯನ್ನು ನೋಡಿ ನಿಗದಿಯಾಗುತ್ತದೆ. ಗಂಡ ಬದುಕಿದ್ದು ಸಂಸಾರ ಚೆನ್ನಾಗಿದ್ದಾಗಲೂ ಆ ಸ್ಕೋರು ಎಲ್ಲ ಕಡೆ ಒಂದೇ ಬೆಲೆಗೆ ಹೋಗುವುದಿಲ್ಲ. ಸಾಲದಾತರಿಂದ ಮನೆ ಸಾಲಗಳನ್ನು ಕೊಳ್ಳುವ ಫ್ಯಾನಿ ಮೇ ಸಂಸ್ಥೆಯ ನಿಯಮಾವಳಿ ಇದಕ್ಕೆ ಸಾಕ್ಷಿ. ಅಧಿಕಾರಿ ತಾನೇ ಕೂತು ಪರಿಶೀಲಿಸುವ ಅರ್ಜಿಗಳಲ್ಲಿ ಅಧಿಕೃತ ಬಳಕೆಯ ಖಾತೆಯನ್ನು ಪರಿಗಣಿಸಬಾರದು ಎಂದು ಅದು ಹೇಳುತ್ತದೆ. ಖಾತೆಯ ಒಡೆಯರು ಸಂಗಾತಿಯಾಗಿದ್ದರೆ ಅಥವಾ ಅದೇ ಮನೆ ಸಾಲದಲ್ಲಿ ಪಾಲುದಾರರಾಗಿದ್ದರೆ ರಿಯಾಯಿತಿ ಇದೆ. ಇಲ್ಲವೇ ಹಿಂದಿನ 12 ತಿಂಗಳ ಬಿಲ್ಲನ್ನು ತಾನೊಬ್ಬನೇ ಕಟ್ಟಿದ್ದೇನೆ ಎಂದು ಅರ್ಜಿದಾರ ದಾಖಲೆ ಒದಗಿಸಬೇಕು. ಅಪ್ಪನ ಕಾರ್ಡಿನಿಂದ 760 ಅಂಕ ಬಂದ ಮಗ ಅಲ್ಲಿ ಬರಿಗೈಯಲ್ಲಿ ನಿಲ್ಲಬೇಕಾದೀತು.

ನಮ್ಮವರಿಗೆ ಇನ್ನೂ ಕೆಲವು ತೊಡಕುಗಳಿವೆ. ಎಚ್-1ಬಿ ವೀಸಾದವರ ಸಂಗಾತಿಗೆ ಸಿಗುವುದು ಎಚ್-4. ಕೆಲಸದ ಪರವಾನಗಿ ಇಲ್ಲದೆ ಅವರಿಗೆ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಸಿಗುವುದಿಲ್ಲ. ಗ್ರೀನ್ ಕಾರ್ಡ್ ಪ್ರಕ್ರಿಯೆ ಒಂದು ಹಂತ ದಾಟಿದವರ ಸಂಗಾತಿಗಳಿಗೆ ಮಾತ್ರ 2015ರಿಂದ ಆ ಪರವಾನಗಿ ದೊರೆಯುತ್ತಿದೆ. ಸಂಖ್ಯೆ ಇಲ್ಲದಿದ್ದರೂ ಕೆಲವು ಬ್ಯಾಂಕುಗಳು ಹೆಸರು ಸೇರಿಸಿಕೊಳ್ಳುತ್ತವೆ, ಕಾರ್ಡು ಕೈಗೆ ಬರುತ್ತದೆ, ಅಂಗಡಿಯಲ್ಲಿ ನಡೆಯುತ್ತದೆ. ಆದರೆ ಮಾಹಿತಿ ಸರಿಯಾದ ಕಡತಕ್ಕೆ ಹೋಗಿ ಸೇರಬೇಕಾದರೆ ಹೆಸರು, ಜನ್ಮದಿನ, ವಿಳಾಸಗಳನ್ನೇ ನಂಬಬೇಕು. ಇಲ್ಲಿ ನಮ್ಮ ಹೆಸರುಗಳ ಕಥೆ ಶುರುವಾಗುತ್ತದೆ. ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರಿದ್ದರೆ ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗಕ್ಕೆ ಎಫ್‌ಎನ್‌ಯು (ಮೊದಲ ಹೆಸರು ತಿಳಿದಿಲ್ಲ) ಎಂಬ ಮೂರಕ್ಷರ ಬಂದು ಕೂರುತ್ತದೆ. ಒಂದು ಕಡೆ ಇನಿಷಿಯಲ್, ಇನ್ನೊಂದು ಕಡೆ ಅಪ್ಪನ ಪೂರ್ತಿ ಹೆಸರು, ಮದುವೆಯಾದ ಮೇಲೆ ಗಂಡನ ಹೆಸರು, ಊರಿನ ಹೆಸರು. ಬ್ಯಾಂಕು ಒಂದು ರೀತಿ, ಬಾಡಿಗೆ ಕರಾರು ಇನ್ನೊಂದು ರೀತಿ ಬರೆದರೆ ಒಬ್ಬಳೇ ಹೆಂಗಸಿಗೆ ಎರಡು ಅರೆಬರೆ ಕಡತಗಳಾಗುವುದುಂಟು. ಕಾರ್ಡು ಕೈಯಲ್ಲಿದೆ ಎಂದರೆ ಸ್ಕೋರು ಬೆಳೆಯುತ್ತಿದೆ ಎಂದು ತಿಳಿಯುವುದು ತಪ್ಪು. ಮೂರೂ ಸಂಸ್ಥೆಗಳ ವರದಿಯನ್ನು ಅಲ್ಲಿ ಉಚಿತವಾಗಿ ತರಿಸಿಕೊಳ್ಳಬಹುದು. ಹೆಸರು ಸೇರಿಸಿದ ಎರಡು-ಮೂರು ತಿಂಗಳಿಗೆ ತೆಗೆದು ನೋಡಿ, ಸಾಲು ಬಂದಿದೆಯೇ, ಯಾವ ಹೆಸರಿನಲ್ಲಿ ಬಂದಿದೆ ಎಂದು ಓದುವುದು ಎಲ್ಲಕ್ಕಿಂತ ಮೊದಲು ಆಗಬೇಕಾದ ಕೆಲಸ. ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಬಂದ ದಿನವೇ ಬ್ಯಾಂಕಿಗೆ ಅದನ್ನು ತಿಳಿಸುವುದು ಎರಡನೆಯದು.

ಒಂದೇ ಮನೆ, ಒಂದೇ ದುಡ್ಡು, ಹೆಂಡತಿಗೆ ಬೇರೆ ಖಾತೆ ಏಕೆ ಎಂದು ಕೇಳುವವರು ನಮ್ಮಲ್ಲಿ ಬಹಳ. ಅದರಲ್ಲಿ ಅಪನಂಬಿಕೆಯ ವಾಸನೆ ಬರುತ್ತದೆ ಎಂಬ ಮುಜುಗರವೂ ಕೆಲವರಿಗೆ. ಆದರೆ ಜೀವವಿಮೆ ಮಾಡಿಸುವಾಗ, ಉಯಿಲು ಬರೆಯುವಾಗ ಯಾರೂ ಅದನ್ನು ಅಪನಂಬಿಕೆ ಎನ್ನುವುದಿಲ್ಲ. ಇನ್ನು ಕೆಲವರದು ಆದಾಯವಿಲ್ಲದವಳಿಗೆ ಕಾರ್ಡು ಯಾರು ಕೊಡುತ್ತಾರೆ ಎಂಬ ಪ್ರಶ್ನೆ. ಇದಕ್ಕೆ ಒಂದು ಕಾಲದಲ್ಲಿ ಬಲವಿತ್ತು. 2009ರ ಕಾರ್ಡ್ ಕಾಯ್ದೆಯನ್ನು ಜಾರಿ ಮಾಡುವಾಗ ಬಂದ ನಿಯಮವೊಂದು ಅರ್ಜಿದಾರರ ಸ್ವಂತ ಆದಾಯವನ್ನೇ ನೋಡಬೇಕು ಎಂದಿತ್ತು, ಮನೆಯಲ್ಲಿದ್ದ ತಾಯಂದಿರು ಇದನ್ನು ಕಟುವಾಗಿ ವಿರೋಧಿಸಿದರು. 2013ರಲ್ಲಿ ನಿಯಮ ಬದಲಾಯಿತು: 21 ವರ್ಷ ತುಂಬಿದವರು ತಮ್ಮ ಕೈಗೆ ನ್ಯಾಯವಾಗಿ ಎಟುಕುವ ಮನೆಯ ಆದಾಯವನ್ನೂ ಅರ್ಜಿಯಲ್ಲಿ ತೋರಿಸಬಹುದು. ಗಂಡನ ಸಂಬಳ ಜಂಟಿ ಬ್ಯಾಂಕ್ ಖಾತೆಗೆ ಬರುತ್ತಿದ್ದರೆ ಹೆಂಡತಿ ಅದನ್ನು ಬರೆಯಬಹುದು. ಈ ಅವಕಾಶದ ಅರಿವೇ ನಮ್ಮ ಎಷ್ಟೋ ಮನೆಗಳಲ್ಲಿ ಇಲ್ಲ. ಅದೂ ಆಗದಿದ್ದರೆ ಕೆಲವು ನೂರು ಡಾಲರ್ ಠೇವಣಿ ಇಟ್ಟು ಪಡೆಯುವ ಸೆಕ್ಯೂರ್ಡ್ ಕಾರ್ಡು ಇದೆ. ಅದರಲ್ಲಿ ದಿನಸಿ, ಪೆಟ್ರೋಲು ತೆಗೆದುಕೊಂಡು ಪ್ರತಿ ತಿಂಗಳು ಪೂರ್ತಿ ಕಟ್ಟಿದರೆ ಬಡ್ಡಿಯೂ ಬೀಳದು, ದಾಖಲೆಯೂ ಬೆಳೆಯುತ್ತದೆ. ಜಂಟಿ ಕ್ರೆಡಿಟ್ ಕಾರ್ಡು ತೆಗೆಯೋಣವೆಂದರೆ ಅಲ್ಲಿನ ದೊಡ್ಡ ಬ್ಯಾಂಕುಗಳಲ್ಲಿ ಬಹುಪಾಲು ಈಗ ಅದನ್ನು ಕೊಡುವುದಿಲ್ಲ. ಗಂಡನ ಕಾರ್ಡಿನಿಂದ ಬಂದ ಸ್ಕೋರು ನಿಜವಾಗಿ ಉಪಯೋಗಕ್ಕೆ ಬರುವುದು ಇಲ್ಲೇ: ಆಕೆಯ ಸ್ವಂತ ಅರ್ಜಿಯನ್ನು ಗಟ್ಟಿ ಮಾಡುವುದಕ್ಕೆ. ಆರು ತಿಂಗಳಿಗೋ ವರ್ಷಕ್ಕೋ ಆ ಅರ್ಜಿ ಹೋಗಬೇಕು. ಐದು ವರ್ಷವಾದರೂ ಹೋಗದಿದ್ದರೆ ಯಾವ ಕೆಲಸಕ್ಕೆ ಹೆಸರು ಸೇರಿಸಿದ್ದೋ ಆ ಕೆಲಸ ಆಗಿಲ್ಲ.

ಸೇರಿಸಿಕೊಳ್ಳುವವರ ಕಡೆಯ ಆತಂಕವನ್ನೂ ಹಗುರವಾಗಿ ಕಾಣುವಂತಿಲ್ಲ. ಸೇರಿದವರು ಮಾಡಿದ ಪ್ರತಿ ಡಾಲರ್ ಖರ್ಚಿಗೂ ಮೂಲ ಕಾರ್ಡುದಾರರೇ ಹೊಣೆ. ಓದಲು ಹೋದ ಅಕ್ಕನ ಮಗನನ್ನೋ ತಮ್ಮನನ್ನೋ ಅಲ್ಲಿರುವ ಮಾವನೋ ಅಣ್ಣನೋ ತನ್ನ ಕಾರ್ಡಿಗೆ ಸೇರಿಸುವುದು ನಮ್ಮಲ್ಲಿ ಸಾಮಾನ್ಯ. ಮುಖ ನೋಡಿಕೊಂಡು ಇಲ್ಲವೆನ್ನಲಾಗದೆ ಸೇರಿಸಿ ಆಮೇಲೆ ಸಂಬಂಧ ಕೆಡಿಸಿಕೊಂಡವರೂ ಇರುತ್ತಾರೆ. ಕಾರ್ಡನ್ನು ಹುಡುಗನ ಕೈಗೆ ಕೊಡದೆ ಹೆಸರನ್ನಷ್ಟೇ ಸೇರಿಸಬಹುದು, ಸ್ಕೋರಿಗೆ ಅಷ್ಟೇ ಸಾಕು. ಕೆಲವು ಬ್ಯಾಂಕುಗಳಲ್ಲಿ ಸೇರಿದವರಿಗೆ ಬೇರೆ ಮಿತಿ ಹಾಕುವ ಅನುಕೂಲವೂ ಇದೆ. 21 ತುಂಬದ ವಿದ್ಯಾರ್ಥಿಗೆ ಸ್ವಂತ ಆದಾಯವಿಲ್ಲದೆ ಕಾರ್ಡು ಸಿಗುವುದು ಕಷ್ಟವಾದ್ದರಿಂದ ಅವನ ಪಾಲಿಗೆ ಈ ನೆರವು ದೊಡ್ಡದು. ಕ್ಯಾಂಪಸ್ಸಿನಲ್ಲಿ ಕೆಲಸ ಸಿಕ್ಕಿ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಬಂದ ಮೇಲೆ ಅವನೂ ತನ್ನದೇ ವಿದ್ಯಾರ್ಥಿ ಕಾರ್ಡು ಪಡೆದು ಮಾವನ ಹೆಗಲು ಹಗುರ ಮಾಡಲಿ.

ಇಷ್ಟನ್ನು ಓದಿ ಇಲ್ಲಿರುವವರು ತಮ್ಮ ಕೈಯಲ್ಲಿನ ಆಡ್-ಆನ್ ಕಾರ್ಡನ್ನು ನೋಡಿಕೊಂಡರೆ ಚಿತ್ರ ಬೇರೆ. ರಿಸರ್ವ್ ಬ್ಯಾಂಕಿನ ಕಾರ್ಡು ನಿರ್ದೇಶನದ ಪ್ರಕಾರ ಆಡ್-ಆನ್ ಕಾರ್ಡಿನ ಹೊಣೆ ಮೂಲ ಕಾರ್ಡುದಾರರದು. ಸಾಮಾನ್ಯವಾಗಿ ದಾಖಲೆಯೂ ಅವರ ಹೆಸರಿಗೇ ಹೋಗುತ್ತದೆ. ಹೆಂಡತಿ ಇಪ್ಪತ್ತು ವರ್ಷ ಆ ಕಾರ್ಡಿನಲ್ಲಿ ಮನೆ ನಡೆಸಿದ್ದರೂ ಆಕೆಯ ಸಿಬಿಲ್ ವರದಿಯಲ್ಲಿ ಚರಿತ್ರೆ ಇಲ್ಲ ಎಂಬ ಷರಾ ಬರಬಹುದು. 1974ಕ್ಕೆ ಮೊದಲಿನ ಅಮೆರಿಕದ ಗೃಹಿಣಿಯ ಪರಿಸ್ಥಿತಿಗೆ ಇದು ತೀರಾ ಹತ್ತಿರ. ಚರಿತ್ರೆ ಇಲ್ಲವೆಂಬ ಒಂದೇ ಕಾರಣಕ್ಕೆ ಮೊದಲ ಬಾರಿ ಸಾಲ ಕೇಳುವವರ ಅರ್ಜಿಯನ್ನು ತಿರಸ್ಕರಿಸಬಾರದು ಎಂದು ರಿಸರ್ವ್ ಬ್ಯಾಂಕು 2025ರಲ್ಲಿ ಹೇಳಿರುವುದು ಒಳ್ಳೆಯ ಹೆಜ್ಜೆ, ಆದರೆ ತಿರಸ್ಕರಿಸದಿರುವುದಕ್ಕೂ ಆಕೆ ಮಾಡಿದ್ದನ್ನು ಲೆಕ್ಕಕ್ಕೆ ಹಿಡಿಯುವುದಕ್ಕೂ ಅಂತರವಿದೆ. ಸಂಗಾತಿಯ ಆಡ್-ಆನ್ ಕಾರ್ಡಿನ ಮಾಹಿತಿಯನ್ನು ಇಬ್ಬರ ಒಪ್ಪಿಗೆಯೊಂದಿಗೆ, ಸಂಬಂಧ ಏನೆಂದು ನಮೂದಿಸಿ, ಇಬ್ಬರ ಹೆಸರಿನಲ್ಲೂ ದಾಖಲಿಸುವ ನಿಯಮವನ್ನು ರಿಸರ್ವ್ ಬ್ಯಾಂಕು ತರಬೇಕು. ಸಂಬಂಧವನ್ನು ನಮೂದಿಸದೆ ಬಿಟ್ಟು ಅಮೆರಿಕ ಬಾಡಿಗೆ ವ್ಯಾಪಾರಕ್ಕೆ ದಾರಿ ಮಾಡಿಕೊಟ್ಟಿತು, ಆ ತಪ್ಪನ್ನು ನಾವು ಮೊದಲ ದಿನವೇ ತಪ್ಪಿಸಬಹುದು. ಅಲ್ಲಿಯವರೆಗೆ ನಮ್ಮ ಬ್ಯಾಂಕುಗಳಲ್ಲಿ ನಿಶ್ಚಿತ ಠೇವಣಿಯ ಮೇಲೆ ಕೊಡುವ ಕ್ರೆಡಿಟ್ ಕಾರ್ಡು ಇದೆ. ಗೃಹಿಣಿ ತನ್ನ ಹೆಸರಿನಲ್ಲೇ ಒಂದು ಠೇವಣಿ ಇಟ್ಟು ಅದನ್ನು ಪಡೆಯಬಹುದು, ಸಂಬಳದ ಚೀಟಿಯನ್ನು ಅದಕ್ಕೆ ಕೇಳುವುದಿಲ್ಲ.